ರದ್ದಿ ಮೂಟೆಯಲ್ಲಿ ನಿಮ್ಮ ಹೆಸರು

ಆಯುಧಪೂಜೆ, ದೀಪಾವಳಿ ಹತ್ತಿರ ಬಂತೆಂದರೆ ಮನೆಮನೆಯ ಅಟ್ಟ ಖಾಲಿಯಾಗುತ್ತದೆ. ವರ್ಷವಿಡೀ ಕೂಡಿಬಿದ್ದ ಪೇಪರ್, ಬಿಲ್ಲು, ಮಕ್ಕಳ ಹಳೆ ನೋಟ್‌ಬುಕ್ಕು ಎಲ್ಲವೂ ರದ್ದಿಯವರ ತಕ್ಕಡಿ ಏರುತ್ತವೆ. ಕಿಲೋಗೆ ಎಷ್ಟು ಎಂಬ ಚೌಕಾಸಿ ಜೋರಾಗಿಯೇ ನಡೆಯುತ್ತದೆ. ಮೂಟೆಯಲ್ಲಿ ಏನೇನಿದೆ ಎಂದು ಬಿಚ್ಚಿ ನೋಡುವವರು ಕಡಿಮೆ.

ಬಿಚ್ಚಿದರೆ ಕಾಣುವುದು ಇಷ್ಟು: ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್, ಅದಕ್ಕೆ ಪಿನ್ ಹೊಡೆದ ಆಧಾರ್ ಪ್ರತಿ, ತಪ್ಪಾಯಿತೆಂದು ಅರ್ಧಕ್ಕೇ ಬಿಟ್ಟ ಸಾಲದ ಅರ್ಜಿ, ಅಮ್ಮನ ಸಕ್ಕರೆ ಕಾಯಿಲೆಯ ಲ್ಯಾಬ್ ವರದಿ, ಹೆಸರು, ವಿಳಾಸ, ಮೊಬೈಲ್ ನಂಬರ್ ಮೂರನ್ನೂ ಹೊತ್ತ ಕೊರಿಯರ್ ಡಬ್ಬಿ. ಬಿಡಿಬಿಡಿಯಾಗಿ ಯಾವುದೂ ದೊಡ್ಡದಲ್ಲ. ಒಂದೇ ಮೂಟೆಯಲ್ಲಿ ಒಟ್ಟಿಗೆ ಸಿಕ್ಕರೆ ಅದು ಆ ಮನೆಯ ಜಾತಕ. ಬ್ಯಾಂಕಿನವರೆಂದು ಫೋನ್ ಮಾಡುವ ವಂಚಕ ಖಾತೆಯ ಶಾಖೆ, ಆಸ್ಪತ್ರೆಯ ಹೆಸರು, ಮನೆ ನಂಬರ್ ಎಲ್ಲವನ್ನೂ ಸರಿಯಾಗಿ ಹೇಳಿದರೆ ನಂಬದಿರುವುದು ಕಷ್ಟ.

ಕಾಗದದ ಮೇಲಿನ ಗುರುತು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಕರ್ನಾಟಕ 2023ರಲ್ಲೇ ಕಂಡಿದೆ. ಮಂಗಳೂರು, ಬೆಂಗಳೂರಿನ ಕಡೆ ಆಸ್ತಿ ನೋಂದಣಿ ಮಾಡಿಸಿಕೊಂಡಿದ್ದ ಹಲವರ ಖಾತೆಯಿಂದ ಒಟಿಪಿಯೂ ಬಾರದೆ ಹಣ ಮಾಯವಾಯಿತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕು. ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸಿದ್ದರು ಎಂಬುದು ತನಿಖೆಯ ಜಾಡು. ಆ ಬಳಿಕ ಸರ್ಕಾರ ನೋಂದಣಿ ಪತ್ರಗಳ ಪ್ರತಿಗಳಲ್ಲಿ ಆಧಾರ್ ಸಂಖ್ಯೆ, ಬೆರಳಚ್ಚನ್ನು ಮರೆಮಾಡಲು ಮುಂದಾಯಿತು. ಆ ಪ್ರತಿಗಳು ರದ್ದಿಯಿಂದ ಸಿಕ್ಕವಲ್ಲ, ನಿಜ. ಆದರೆ ಅಂಥದೇ ಕ್ರಯಪತ್ರದ ಜೆರಾಕ್ಸ್‌ಗಳು ಎಷ್ಟೋ ಮನೆಗಳ ರದ್ದಿಯಲ್ಲೂ ಇರುತ್ತವೆ.

ಇದಕ್ಕೊಂದು ಸುಲಭದ ದಾರಿ ಆಗಲೇ ಇದೆ. 12 ಅಂಕಿಗಳ ಪೈಕಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ‘ಮಾಸ್ಕ್ಡ್ ಆಧಾರ್’ ಅನ್ನು ಆಧಾರ್ ನೀಡುವ ಪ್ರಾಧಿಕಾರದ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಡಲೂಬಹುದು. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸನ್ನು ಎಲ್ಲೆಂದರಲ್ಲಿ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತ್ತು. ಜನರಲ್ಲಿ ಗೊಂದಲ ಎದ್ದಿದ್ದರಿಂದ ಎರಡೇ ದಿನಕ್ಕೆ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹೋದರೂ ಅದರಲ್ಲಿದ್ದ ಬುದ್ಧಿಮಾತು ಇಂದಿಗೂ ಸರಿ.

ಹರಿದು ಹಾಕಿದರೆ ಸಾಲದೇ? ಸಾಲದು. 1979ರಲ್ಲಿ ಟೆಹರಾನಿನ ಅಮೆರಿಕ ರಾಯಭಾರ ಕಚೇರಿಗೆ ವಿದ್ಯಾರ್ಥಿಗಳು ನುಗ್ಗಿದಾಗ ಸಿಬ್ಬಂದಿ ಗುಪ್ತ ಕಡತಗಳನ್ನು ಯಂತ್ರಕ್ಕೆ ಕೊಟ್ಟು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿದ್ದರು. ಇರಾನಿನವರು ಪಟ್ಟಿಗಳನ್ನು ಒಂದರ ಪಕ್ಕ ಒಂದು ತಾಳ್ಮೆಯಿಂದ ಜೋಡಿಸಿ, ಪುಸ್ತಕಗಳ ಸಾಲನ್ನೇ ಅಚ್ಚು ಹಾಕಿಸಿದರು. ಪೂರ್ವ ಜರ್ಮನಿಯ ಗುಪ್ತ ಪೊಲೀಸರು 1989ರಲ್ಲಿ ಕೈಯಿಂದ ಹರಿದ ಕಡತಗಳು ಸುಮಾರು 16,000 ಚೀಲ ತುಂಬಿದವು. ಅವನ್ನು ಕೂಡಿಸುವ ಕೆಲಸ 1995ರಲ್ಲಿ ಶುರುವಾಗಿ ದಶಕಗಳ ಕಾಲ ನಡೆಯಿತು. ಇಂದು ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿ ಚೂರು ಮಾಡುವ ಶ್ರೆಡ್ಡರ್‌ಗಳೇ ಮೇಲು ಎನ್ನಲು ಇದೇ ಕಾರಣ.

ಮನೆಯಲ್ಲಿ ಯಂತ್ರ ಇರಲೇಬೇಕೆಂದಿಲ್ಲ. ಹೆಸರು, ನಂಬರ್, ಸಹಿ ಇರುವ ಭಾಗವನ್ನಷ್ಟೇ ಕತ್ತರಿಸಿಕೊಂಡು, ಬಕೆಟ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಕೈಯಿಂದ ಚೆನ್ನಾಗಿ ಹಿಸುಕಿದರೆ ಮುದ್ದೆಯಾಗುತ್ತದೆ. ಹಿಸುಕುವುದು ಮುಖ್ಯ, ಜೆರಾಕ್ಸಿನ ಕಪ್ಪು ಪುಡಿ ಕಾಗದಕ್ಕೆ ಕಾದು ಅಂಟಿರುವುದರಿಂದ ಬರೀ ನೀರಿಗೆ ಅಕ್ಷರ ಅಳಿಯುವುದಿಲ್ಲ. ಎಟಿಎಂ ಚೀಟಿ, ಕೊರಿಯರ್ ಲೇಬಲ್ಲುಗಳಲ್ಲಿ ಹೆಚ್ಚಿನವು ಶಾಖಕ್ಕೆ ಕಪ್ಪಾಗುವ ಕಾಗದದವು. ಬಿಸಿ ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಅಕ್ಷರವೆಲ್ಲ ಮಸಿಯಲ್ಲಿ ಮುಚ್ಚಿಹೋಗುತ್ತದೆ. ಡೆಬಿಟ್ ಕಾರ್ಡನ್ನು ಕತ್ತರಿಸುವಾಗ ಕತ್ತರಿ ಚಿಪ್ಪಿನ ನಡುವೆಯೂ ಹಿಂಬದಿಯ ಕಪ್ಪು ಪಟ್ಟಿಯ ಮೇಲೂ ಹಾಯಬೇಕು. ಹಳ್ಳಿಗಳಲ್ಲಿ ಬಚ್ಚಲೊಲೆಗೆ ಹಾಕುವ ರೂಢಿಯಿದೆ. ಕಾಗದಕ್ಕೆ ಅದು ಸರಿ, ಪ್ಲಾಸ್ಟಿಕ್ ಕಾರ್ಡಿಗೆ ಖಂಡಿತ ಬೇಡ. ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಕಾಗದಕ್ಕಿಂತ ಹೆಚ್ಚು ಗುಟ್ಟು ಹೊತ್ತಿರುವುದು ಮೂಲೆ ಸೇರಿದ ಫೋನು. ಹಳೆ ಮೊಬೈಲ್ ಕೊಟ್ಟು ಪ್ಲಾಸ್ಟಿಕ್ ಡಬ್ಬ ತಗೊಳ್ಳಿ ಎಂದು ಬೀದಿಯಲ್ಲಿ ಕೂಗಿಕೊಂಡು ಬರುವವರಿದ್ದಾರೆ. 2024ರಲ್ಲಿ ತೆಲಂಗಾಣದ ರಾಮಗುಂಡಂ ಪೊಲೀಸರು ಹೀಗೆ ಊರೂರಿನಿಂದ ಸಂಗ್ರಹಿಸಿದ ಸಾವಿರಾರು ಫೋನುಗಳನ್ನು ವಶಪಡಿಸಿಕೊಂಡರು. ಅವು ಸೈಬರ್ ವಂಚಕರ ಕೈಗೆ ಹೋಗುತ್ತಿದ್ದವು ಎಂಬುದು ಆರೋಪ. ಕೊಡುವ ಮುನ್ನ ಸಿಮ್ಮು, ಮೆಮೊರಿ ಕಾರ್ಡು ತೆಗೆದಿಡಬೇಕು. ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡಬೇಕು. ಈಚಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುವುದರಿಂದ ರೀಸೆಟ್ ಆದಾಗ ಅದರ ಕೀಲಿಯೇ ನಾಶವಾಗುತ್ತದೆ.

ಹಳೆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಹಾಗಲ್ಲ. ಡಿಲೀಟ್ ಒತ್ತಿದರೆ ಫೈಲಿನ ವಿಳಾಸ ಹೋಗುತ್ತದೆ, ಫೈಲು ಅಲ್ಲೇ ಉಳಿದಿರುತ್ತದೆ. ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು 158 ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳೂ ವೈದ್ಯಕೀಯ ಪತ್ರಗಳೂ ಸಿಕ್ಕವು. ಡಿಸ್ಕನ್ನು ಅಳಿಸುವ ತಂತ್ರಾಂಶದಿಂದ ಪೂರ್ತಿ ಒರೆಸಿ, ಇಲ್ಲವೇ ಬಿಚ್ಚಿಸಿ ಒಳಗಿನ ತಟ್ಟೆ ಹಾಳುಮಾಡಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ–ತ್ಯಾಜ್ಯ ಘಟಕಕ್ಕೇ ಕೊಡುವುದು ಕ್ಷೇಮ.

ಮನೆಯಿಂದ ಹೊರಹೋಗುವ ಖಾಸಗಿ ವಸ್ತುಗಳಲ್ಲಿ ಇನ್ನೊಂದು ಬಗೆಯಿದೆ. ಅದರ ಅಪಾಯ ನಮಗಲ್ಲ, ಅದನ್ನು ಮುಟ್ಟುವ ಪೌರಕಾರ್ಮಿಕರಿಗೆ. ಇನ್ಸುಲಿನ್ ಸೂಜಿಯನ್ನು ಕವರಿಗೆ ತುರುಕಿ ಎಸೆದರೆ ಅದು ಚುಚ್ಚುವುದು ಕಸ ವಿಂಗಡಿಸುವ ಹೆಣ್ಣುಮಗಳ ಬೆರಳಿಗೆ. ಸೂಜಿ, ಸಿರಿಂಜ್, ಅವಧಿ ಮುಗಿದ ಔಷಧಿಗಳನ್ನು ಮನೆಯ ಅಪಾಯಕಾರಿ ಕಸವೆಂದು 2016ರ ಘನತ್ಯಾಜ್ಯ ನಿಯಮಗಳು ಬೇರೆಯಾಗಿಯೇ ಗುರುತಿಸಿದವು. ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಹೊರಗೆ ಬರೆದು ಕೊಡಬೇಕು. ಸ್ಯಾನಿಟರಿ ಪ್ಯಾಡು, ಡೈಪರುಗಳನ್ನು ಪೇಪರಿನಲ್ಲಿ ಸುತ್ತಿ ಕೆಂಪು ಚುಕ್ಕೆ ಇಡುವ ಪದ್ಧತಿ ಬೆಂಗಳೂರಿನಲ್ಲಿ ಬಂದದ್ದು ಇದೇ ಕಾಳಜಿಯಿಂದ. ಮಾತ್ರೆ ಚೀಟಿಯ ಮೇಲಿನ ರೋಗಿಯ ಹೆಸರನ್ನು ಹರಿದು ತೆಗೆಯಲು ಅರೆನಿಮಿಷ ಸಾಕು.

ಎಸೆಯಲೇಬಾರದವೂ ಇವೆ: ಕ್ರಯಪತ್ರ, ಜನನ–ಮರಣ ಪ್ರಮಾಣಪತ್ರ, ಅಂಕಪಟ್ಟಿ, ಸಾಲ ತೀರಿದ ಮೇಲೆ ಬ್ಯಾಂಕ್ ಕೊಟ್ಟ ಋಣಮುಕ್ತಿ ಪತ್ರ. ತೆರಿಗೆಯ ಕಾಗದಗಳ ವಿಷಯದಲ್ಲಿ ಆಡಿಟರನ್ನು ಒಂದು ಮಾತು ಕೇಳಿ ಮುಂದುವರಿಯುವುದು ಒಳ್ಳೆಯದು.

ಎಡವಟ್ಟು ಆಗಿಹೋಗಿದೆ ಎಂಬ ಅನುಮಾನವಿದ್ದರೆ, ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ಸಂಚಾರ್ ಸಾಥಿ ಜಾಲತಾಣ ತಿಳಿಸುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿರುವ ಅಥವಾ ಆ ರೂಪಕ್ಕೆ ತಂದ ಮಾಹಿತಿಗೆ ಮಾತ್ರ. ರದ್ದಿಗೆ ಬಿದ್ದ ಜೆರಾಕ್ಸ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಮುಂದಿನ ಸಲ ಯಾವುದೇ ಕೌಂಟರಿನಲ್ಲಿ ಆಧಾರ್ ಪ್ರತಿ ಕೇಳಿದಾಗ ಮಾಸ್ಕ್ಡ್ ಪ್ರತಿಯನ್ನೇ ಕೊಡಿ, ಕೆಲಸ ಮುಗಿದ ಮೇಲೆ ಅದನ್ನು ಏನು ಮಾಡುತ್ತೀರಿ ಎಂದು ಕೇಳಿ.