ವಯಸ್ಸೂ ಬಲವೂ

ಸುಶ್ರುತಸಂಹಿತೆಯ ಸೂತ್ರಸ್ಥಾನದ 35ನೆಯ ಅಧ್ಯಾಯದಲ್ಲಿ, ಚಿಕಿತ್ಸೆಗೆ ಮೊದಲು ವೈದ್ಯನು ಪರೀಕ್ಷಿಸತಕ್ಕ ವಿಷಯಗಳನ್ನೆಣಿಸುವಾಗ ವಯಸ್ಸನ್ನೂ ಬಲವನ್ನೂ ಬೇರೆಬೇರೆಯಾಗಿ ಹೇಳಿದೆ. 70 ವರ್ಷಗಳನ್ನು ದಾಟಿದವನು ವೃದ್ಧನೆಂದೂ, ಬಾಲರಿಗೂ ವೃದ್ಧರಿಗೂ ಅಗ್ನಿ, ಕ್ಷಾರ, ವಿರೇಚನಗಳು ವರ್ಜ್ಯವೆಂದೂ, ಅಂಥವರಿಗೆ ಮೃದುವಾದ ಕ್ರಿಯೆಯನ್ನು ಮೆಲ್ಲಮೆಲ್ಲನೆ ನಡೆಸಬೇಕೆಂದೂ ಅಲ್ಲಿ ವಿಧಿಸಿದೆ. ಆದರೆ ಕೃಶನು ಬಲವಂತನಾಗಿರಬಹುದು, ಸ್ಥೂಲನು ಅಲ್ಪಬಲನಾಗಿರಬಹುದು. ಆದಕಾರಣ ಬಲವನ್ನು ವ್ಯಾಯಾಮಶಕ್ತಿಯಿಂದ ಊಹಿಸಬೇಕೆಂಬ ಮಾತೂ ಅಲ್ಲಿಯೇ ಉಂಟು. ವಯಸ್ಸು, ಬಲ ಎಂಬ ಈ ಎರಡು ಪದಗಳ ಭೇದವು ಇಂದಿಗೂ ಎಷ್ಟು ಪ್ರಯೋಜನಕರವೆಂಬುದು ಬಾಯಿ, ಗಂಟಲು, ಧ್ವನಿಪೆಟ್ಟಿಗೆಗಳ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಸ್ಪಷ್ಟವಾಗುವುದು.

ಈ ರೋಗವು ಅನ್ನ, ಶ್ವಾಸ, ವಾಕ್ಕುಗಳ ದಾರಿಯನ್ನೇ ಹಿಡಿಯುವುದು. ಚಿಕಿತ್ಸೆಯೂ ಆ ದಾರಿಯನ್ನೇ ನೋಯಿಸುವುದು. ಶಸ್ತ್ರಕ್ರಿಯೆಯನ್ನು ಮಾಡದೆ ಬಲಿತ ರೋಗವನ್ನು ಗುಣಪಡಿಸಲೆಳಸುವಾಗ ರೂಢಿಯಲ್ಲಿರುವ ಕ್ರಮವೆಂದರೆ, 7 ವಾರಗಳಲ್ಲಿ 35 ಸಲ, ಒಟ್ಟು 70 ಗ್ರೇ ಪ್ರಮಾಣದ ಕಿರಣಗಳು. ಅವುಗಳೊಡನೆ ಸಿಸ್‌ಪ್ಲಾಟಿನ್ ಎಂಬ ಔಷಧ. ಈ ಔಷಧವು ಮೂತ್ರಪಿಂಡವನ್ನೂ ಶ್ರವಣಶಕ್ತಿಯನ್ನೂ ಕೆಡಿಸಬಲ್ಲದು. ಅನೇಕ ಪ್ರಯೋಗಗಳ ಫಲಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಿರಣಗಳೊಡನೆ ಔಷಧವನ್ನು ಸೇರಿಸುವುದರ ಲಾಭವು ವಯಸ್ಸೇರಿದಂತೆ ಕುಗ್ಗಿ, 70ರ ಮೇಲೆ ಕಾಣದಾಯಿತು. ಆದರೆ ಆ ಪ್ರಯೋಗಗಳಲ್ಲಿದ್ದ ವೃದ್ಧರು ಕೆಲವರೇ ಆದುದರಿಂದ, ಅದೊಂದನ್ನೇ ಹಿಡಿದು ಎಲ್ಲ ವೃದ್ಧರ ವಿಷಯದಲ್ಲಿಯೂ ನಿರ್ಣಯಿಸಲಾಗದು.

ಸಿಸ್‌ಪ್ಲಾಟಿನನ್ನು ತಾಳಲಾರದವರಿಗೆ ಬೇರೆ ಮಾರ್ಗವೂ ಉಂಟು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂಥವರಿಗೆ ಕಿರಣಗಳೊಡನೆ ವಾರಕ್ಕೊಮ್ಮೆ ಡೋಸಿಟ್ಯಾಕ್ಸೆಲ್ ಎಂಬ ಔಷಧವನ್ನು ಅಲ್ಪಪ್ರಮಾಣದಲ್ಲಿ ಕೊಡಲು, 2 ವರ್ಷ ಬದುಕಿದವರು ಶೇಕಡಾ 41.7ರಿಂದ 50.8ಕ್ಕೆ ಏರಿದರು. ಬಾಯಿಯ ಒಳಪೊರೆಯ ತೀವ್ರವಾದ ಹುಣ್ಣುಗಳು ಮಾತ್ರ ಹೆಚ್ಚಿದುವು. ಲಾಭವಿರುವಲ್ಲಿ ಬೆಲೆಯೂ ಇರುವುದು. ಆ ಬೆಲೆಯನ್ನು ತೆರುವ ಬಲವು ರೋಗಿಗೆ ಇದೆಯೇ ಎಂಬುದೇ ಪ್ರಶ್ನೆ.

ಇದನ್ನರಿಯಲು ಜಿ–8 ಎಂಬ ಪ್ರಶ್ನಾವಳಿಯು ಬಳಕೆಯಲ್ಲಿದೆ. ಆಹಾರ, ತೂಕದ ಇಳಿತ, ನಡೆದಾಡುವ ಶಕ್ತಿ, ಮನಃಸ್ಥಿತಿ, ದೇಹಪುಷ್ಟಿ, ಸೇವಿಸುವ ಔಷಧಗಳು, ಆರೋಗ್ಯದ ಬಗೆಗೆ ರೋಗಿಯ ಸ್ವಂತ ಎಣಿಕೆ, ವಯಸ್ಸು ಎಂಬ ಎಂಟು ಅಂಶಗಳಿಗೆ ಒಟ್ಟು 17 ಅಂಕಗಳು. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ವಿಸ್ತಾರವಾದ ಪರೀಕ್ಷೆಯು ಅಗತ್ಯ. ಎಂಟರಲ್ಲಿ ವಯಸ್ಸು ಒಂದು ಮಾತ್ರವೆಂಬುದು ಗಮನಾರ್ಹ.

ದುರ್ಬಲನ ಮೇಲೆ ಪೂರ್ಣಚಿಕಿತ್ಸೆಯನ್ನು ಹೇರುವುದು ಒಂದು ದೋಷ. ಬಲವುಳ್ಳವನಿಗೆ ಮುದುಕನೆಂಬ ಹೆಸರಿನಿಂದಲೇ ಅದನ್ನು ನಿರಾಕರಿಸುವುದು ಇನ್ನೊಂದು. ನುಂಗುವ, ನುಡಿಯುವ ಶಕ್ತಿಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ಪಣವೊಡ್ಡಲು ರೋಗಿಯು ಒಪ್ಪುವನೆಂಬುದನ್ನು ಅವನನ್ನೇ ಕೇಳಿ ತಿಳಿಯತಕ್ಕದ್ದು. ವಯಸ್ಸನ್ನು ಎಣಿಸಿದರಾಯಿತು, ಬಲವನ್ನಾದರೋ ಪರೀಕ್ಷಿಸಿಯೇ ಅರಿಯಬೇಕು.