ಮನೆಯ ಒಲೆ, ನಾಯಿಯ ತುತ್ತು

ರಾಜಕಾರಣದ ದೊಡ್ಡ ಪ್ರಶ್ನೆಗಳಿಗೆ ಮೀಸಲಾದ ಈ ಪುಟದಲ್ಲಿ ನಾಯಿಗೆ ತಿಂಡಿ ಮಾಡುವ ಬಗೆಯನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕ ಮಹಾಶಯರಲ್ಲಿ ಕೆಲವರು ನಕ್ಕಾರು. ನಗಲಿ, ಅದರಿಂದ ನಮಗೇನೂ ಬೇಸರವಿಲ್ಲ. ಆದರೆ ಆ ಒಂದು ಚಿಕ್ಕ ತುತ್ತಿನ ಹಿಂದೆ ಗೃಹಸ್ಥನ ಹಣ, ಮೂಕಪ್ರಾಣಿಯ ಆರೋಗ್ಯ, ಬೀದಿಯಲ್ಲಿ ಆಡುವ ಮಕ್ಕಳ ಪ್ರಾಣ, ಈ ಮೂರೂ ಅಡಗಿವೆಯೆಂಬುದನ್ನು ತೋರಿಸಿಕೊಡುವುದೇ ನಮ್ಮ ಉದ್ದೇಶವಾಗಿರುತ್ತದೆ. ಪೂರ್ತಿ ಓದಿದ ಮೇಲೂ ನಗು ಉಳಿದಿದ್ದರೆ ನಾವು ತಲೆಬಾಗಿಸುವೆವು.

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯನ್ನೇ ತೆಗೆದುಕೊಳ್ಳೋಣ. ಸುತ್ತಲಿನ ಮಧುಗಿರಿ, ಸಿರಾ, ಪಾವಗಡ ತಾಲ್ಲೂಕುಗಳಂತೆ ಇದೂ ಮಳೆಯನ್ನು ನಂಬಿದ ಸೀಮೆ. ರಾಗಿ, ಹುರುಳಿ, ಅವರೆ, ಕಡಲೆಕಾಯಿಗಳ ಸೀಮೆ. ಇಲ್ಲಿ ಹೊಲ ಕಾಯುವವನಿಗೂ ಕುರಿ ಕಾಯುವವನಿಗೂ ನಾಯಿಯೆಂಬುದು ಶೋಕಿಯ ವಸ್ತುವಲ್ಲ. ರಾತ್ರಿಯ ಕಾವಲಿನಲ್ಲಿ ಅರ್ಧ ಪಾಲನ್ನು ಹೊತ್ತ ಸಂಗಾತಿ. ಮನೆಯವರೆಲ್ಲ ಉಂಡಾದ ಮೇಲೆ ತಪ್ಪಲೆಯ ತಳದಲ್ಲಿ ಉಳಿದ ಮುದ್ದೆಯ ತುಣುಕು ಅದಕ್ಕೆ ಸಲ್ಲುವುದು ಬಹುಕಾಲದ ರೂಢಿ. ಆ ಮುದ್ದೆಗೆ ಯಾರೂ ಬೆಲೆ ಕಟ್ಟಲಿಲ್ಲ, ಅದನ್ನು ಯಾರೂ ದಾನವೆಂದು ಹೇಳಿಕೊಳ್ಳಲೂ ಇಲ್ಲ.

ಈಗ ಆ ರೂಢಿಯ ಪಕ್ಕದಲ್ಲಿ ಮತ್ತೊಂದು ರೂಢಿ ತಲೆಯೆತ್ತಿದೆ. ಬಸ್ಸು ನಿಲ್ಲುವೆಡೆಯ ಚಿಲ್ಲರೆ ಅಂಗಡಿಯಲ್ಲಿ ಸಿಹಿ ಬಿಸ್ಕತ್ತಿನ ಪೊಟ್ಟಣವನ್ನು ಕೊಂಡು ಬೀದಿನಾಯಿಗಳ ಮುಂದೆ ಎಸೆಯುವುದು ಒಂದು. ಪಟ್ಟಣದಿಂದ ನಾಯಿಗಾಗಿಯೇ ಮಾಡಿದ ಬಣ್ಣದ ತಿನಿಸಿನ ಚೀಲವನ್ನು ತರಿಸುವುದು ಇನ್ನೊಂದು. ಮೊದಲನೆಯದು ಮೈದಾ, ಸಕ್ಕರೆ, ಎಣ್ಣೆಗಳ ಮಿಶ್ರಣ. ಅದರಿಂದ ನಾಯಿಗೆ ಬೊಜ್ಜಲ್ಲದೆ ಬೇರೆ ಲಾಭವಿಲ್ಲ. ಎರಡನೆಯದರಲ್ಲಿ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಆದರೆ ಅದರ ಬೆಲೆಯನ್ನು ನೋಡಿದರೆ ಸಾಮಾನ್ಯ ಗೃಹಸ್ಥನು ಬೆಚ್ಚಿಬೀಳುವಂತಿದೆ. ನಾಯಿಯ ಬಿಸ್ಕತ್ತೆಂಬ ವ್ಯಾಪಾರವು ಹುಟ್ಟಿದ್ದೇ 1860ರ ಸುಮಾರಿಗೆ, ಲಂಡನ್ನಿನಲ್ಲಿ, ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನಿಂದ. ಅದಕ್ಕೆ ಮುಂಚೆ ಸಾವಿರಾರು ವರ್ಷ ನಾಯಿಗಳು ಬದುಕಿದ್ದವು, ಬೇಟೆಯಾಡಿದ್ದವು, ಕಾವಲು ಕಾದಿದ್ದವು. ನಮ್ಮ ಮುಧೋಳದ ಬೇಟೆನಾಯಿ ಜೋಳದ ಸೀಮೆಯಲ್ಲಿ ಬೆಳೆದು ಹೆಸರಾಯಿತು. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಅದರ ಚಿತ್ರ ಬಂದಿತು. 2016ರಲ್ಲಿ ಸೇನೆಯವರು ಮೀರತ್ತಿನಲ್ಲಿ ಅದಕ್ಕೆ ಶಿಕ್ಷಣ ಕೊಡತೊಡಗಿದರು. ಆ ಕೀರ್ತಿಗೆ ಯಾವ ವಿಲಾಯತಿ ಡಬ್ಬಿಯೂ ಕಾರಣವಲ್ಲ.

ನಾಯಿಗೆ ಮಾಂಸವೇ ಆಹಾರ, ಧಾನ್ಯ ಒಗ್ಗದು ಎಂದು ವಾದಿಸುವವರುಂಟು. ಮಾಂಸವು ಅದಕ್ಕೆ ಹಿತವೆಂಬುದು ದಿಟ. ಆದರೆ 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು, ತೋಳಕ್ಕಿಂತ ನಾಯಿಗೆ ಪಿಷ್ಟವನ್ನು ಅರಗಿಸುವ ಶಕ್ತಿ ಹೆಚ್ಚೆಂಬುದನ್ನೂ, ಅದು ವಂಶಪರಂಪರೆಯಾಗಿ ಬಂದುದೆಂಬುದನ್ನೂ ತೋರಿಸಿಕೊಟ್ಟಿತು. ಮನುಷ್ಯನ ಒಲೆಯ ಬಳಿ ತಲೆಮಾರುಗಟ್ಟಲೆ ಕುಳಿತ ಫಲವಿದು. ಮೇಲಾಗಿ ನಮ್ಮ ರಾಗಿ ಬಡಧಾನ್ಯವೇನೂ ಅಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿರುತ್ತದೆ.

ಇನ್ನು ಮಾಡುವ ಬಗೆ. ರಾಗಿ ಹಿಟ್ಟು 200 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಉಪ್ಪು ಹಾಕದೆ ಬೇಯಿಸಿ ಹಿಸುಕಿದ ಸಿಹಿಗುಂಬಳ 150 ಗ್ರಾಂ, ಒಂದು ಮೊಟ್ಟೆ. ಇಷ್ಟನ್ನೂ ಕೂಡಿಸಿ ಗಟ್ಟಿಯಾಗಿ ನಾದಬೇಕು. ಮೊಟ್ಟೆಯನ್ನು ಮುಟ್ಟದ ಮನೆಗಳಲ್ಲಿ ಅದರ ಬದಲು ಬೇಯಿಸಿದ ಹೆಸರುಬೇಳೆ ಒಂದು ಹಿಡಿ ಸಾಕು. ಹಿಟ್ಟನ್ನು ಕಾಲು ಅಂಗುಲ ದಪ್ಪಕ್ಕೆ ತಟ್ಟಿ, ಹೆಬ್ಬೆರಳ ಉಗುರಿನಷ್ಟು ತುಣುಕುಗಳಾಗಿ ಕತ್ತರಿಸಿ, ದೋಸೆಯ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಮಗುಚುತ್ತ ಅರ್ಧ ಗಂಟೆ ಬೇಯಿಸಬೇಕು. ಒಂದನ್ನು ಮುರಿದು ನೋಡಿದಾಗ ಒಳಗೆ ಹಸಿ ಇಲ್ಲದೆ ಟಕ್ಕೆಂದು ಮುರಿದರೆ ಅದೇ ಹದ. ಪೂರ್ತಿ ಆರಿದ ಮೇಲೆ ಬಿಗಿಯಾದ ಡಬ್ಬಿಯಲ್ಲಿಟ್ಟರೆ ಒಂದು ವಾರ ಇಡಬಹುದು; ಮಳೆಗಾಲದಲ್ಲಿ ಅದಕ್ಕೂ ಕಡಮೆ. ಇಷ್ಟು ಹಿಟ್ಟಿನಲ್ಲಿ ನೂರಕ್ಕೂ ಹೆಚ್ಚು ತುಣುಕುಗಳಾಗುತ್ತವೆ. ಇದಕ್ಕೆ ಬೇಕಾದ ಒಂದೊಂದು ಪದಾರ್ಥವೂ ಕೊಳಾಲದ ಮನೆಯಲ್ಲಿಯೋ ಸಂತೆಯಲ್ಲಿಯೋ ಸಿಕ್ಕುವಂಥದೇ.

ಇದಕ್ಕಿಂತ ಸುಲಭವಾದುದೂ ಉಂಟು. ಗೆಣಸನ್ನು ಬೇಯಿಸಿ, ಬಿಲ್ಲೆಗಳಾಗಿ ಕೊಯ್ದು, ಹೆಂಚಿನ ಮೇಲೆ ಒಣಗಿಸಿದರೆ ನಾಯಿ ಅದನ್ನು ಬೆಲ್ಲವೆಂಬಂತೆ ಜಗಿಯುತ್ತದೆ. ಮಾಂಸಾಹಾರಿಗಳ ಮನೆಯಲ್ಲಿ ಕೋಳಿಯ ಈಲಿಯನ್ನು ಉಪ್ಪು ಮಸಾಲೆಗಳಿಲ್ಲದೆ ಬೇಯಿಸಿ, ಕಡಲೆಯ ಗಾತ್ರಕ್ಕೆ ಕೊಯ್ದು ಕೊಡಬಹುದು. ಅತಿಯಾದರೆ ತೊಂದರೆಯಾದುದರಿಂದ ವಾರಕ್ಕೆ ಒಂದೆರಡು ಸಲ ಮಾತ್ರ. ಏನೂ ಇಲ್ಲದಿದ್ದರೆ ಸಾರು ಸೋಕದ ಮುದ್ದೆಯ ಗುಳಿಗೆಯೇ ಸಾಕು. ಹಾಲು ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಒಗ್ಗದೆ ಭೇದಿಯಾಗುತ್ತದೆ; ನೀರು ಮಜ್ಜಿಗೆ ಅದಕ್ಕಿಂತ ಮೇಲು.

ಸಾರು ಸೋಕದ ಎಂದೆವಷ್ಟೆ, ಅದಕ್ಕೆ ಕಾರಣವುಂಟು. ನಮ್ಮ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳಿರುತ್ತವೆ. ಇವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ಹಬ್ಬದ ಪಾಯಸವನ್ನು ಪ್ರೀತಿಯಿಂದ ಸುರಿಯುವವರು ಇದನ್ನು ನೆನಪಿನಲ್ಲಿಡತಕ್ಕದ್ದು. ಚಾಕಲೇಟು ನಾಯಿಗೆ ವಿಷ. ಸಕ್ಕರೆಯಿಲ್ಲವೆಂದು ಬರೆದುಕೊಂಡ ಕೆಲವು ಮಿಠಾಯಿಗಳಲ್ಲಿರುವ ಕ್ಸೈಲಿಟಾಲ್ ಎಂಬ ಪದಾರ್ಥ ಅದಕ್ಕಿಂತಲೂ ವಿಷ. ಬೇಯಿಸಿದ ಎಲುಬು ಸಿಬಿರೊಡೆದು ಕರುಳನ್ನು ಚುಚ್ಚುವುದು.

ಕಡಲೆಕಾಯಿಯ ಸೀಮೆಯವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮನುಷ್ಯರು ತಿನ್ನಲಾಗದ ಬೂಷ್ಟು ಹಿಡಿದ ಕಾಳನ್ನೂ ಹಿಂಡಿಯನ್ನೂ ರೊಟ್ಟಿಯನ್ನೂ ನಾಯಿಗೆ ಹಾಕುವುದು ಮಿತವ್ಯಯವೆಂದು ಕೆಲವರು ಭಾವಿಸುತ್ತಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿಕೋಳಿಗಳು ಸತ್ತಾಗ, ಅವುಗಳ ಮೇವಿನಲ್ಲಿ ಬೆರೆತಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೇ ಅದಕ್ಕೆ ಕಾರಣವೆಂದು ಗೊತ್ತಾಗಿ, ಅದರಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ವಿಷವು ಬೆಳಕಿಗೆ ಬಂದಿತು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ ಇದೇ ವಿಷ ಸೇರಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನರು ಕಾಮಾಲೆಯಿಂದ ತೀರಿಕೊಂಡರು. ಅದೇ ಮನೆಗಳ ನಾಯಿಗಳಿಗೂ ಅದೇ ರೋಗ ತಗುಲಿತ್ತು. ಯಜಮಾನನ ಅನ್ನವನ್ನು ಹಂಚಿಕೊಂಡ ಪ್ರಾಣಿ ಅವನ ಸಾವನ್ನೂ ಹಂಚಿಕೊಂಡಿತು. ನಮಗೆ ಆಗದ್ದು ನಾಯಿಗೂ ಆಗದು. ಬೂಷ್ಟು ಹಿಡಿದುದು ಗುಂಡಿಗೆ ಹೋಗಲಿ, ಅದರ ತಟ್ಟೆಗಲ್ಲ.

ಅಳತೆಯ ವಿಷಯದಲ್ಲಿಯೂ ಎಚ್ಚರವಿರಬೇಕು. ತಿಂಡಿಯೆಂಬುದು ಊಟವಲ್ಲ, ದಿನದ ಆಹಾರದ ಹತ್ತನೆಯ ಒಂದು ಪಾಲನ್ನು ಅದು ಮೀರಲಾಗದು. ಹತ್ತು ಕಿಲೋ ತೂಕದ ನಾಯಿಗೆ ಮೇಲೆ ಹೇಳಿದ ತುಣುಕುಗಳು ದಿನಕ್ಕೆ ನಾಲ್ಕೈದು ಸಾಕು. ಅದನ್ನೂ ಸುಮ್ಮನೆ ಎಸೆಯದೆ, ಕರೆದಾಗ ಬಂದುದಕ್ಕೆ ಒಂದು, ಕೂರೆಂದಾಗ ಕುಳಿತುದಕ್ಕೆ ಒಂದು, ಹೀಗೆ ಕೊಟ್ಟರೆ ತಿಂಡಿಯೇ ಶಿಕ್ಷಣವಾಗುವುದು. ಕೋಲಿನಿಂದ ಕಲಿತ ನಾಯಿ ಕೋಲು ಹಿಡಿದವನಿಗೆ ಮಾತ್ರ ಅಂಜೀತು. ತುತ್ತಿನಿಂದ ಕಲಿತ ನಾಯಿ ಮನೆಯ ಮಗುವಿನ ಮಾತನ್ನೂ ಕೇಳುವುದು.

ಇಲ್ಲಿಗೆ ನಾವು ನಮ್ಮ ಮುಖ್ಯ ವಿಷಯಕ್ಕೆ ಬಂದಂತಾಯಿತು. ಹುಚ್ಚುನಾಯಿ ರೋಗದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಸಾಯುತ್ತಾರೆಂದೂ, ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ಭಾರತದವರೇ ಎಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾಯುವವರಲ್ಲಿ ಮಕ್ಕಳು ಬಹಳ. ರೋಗದ ಲಕ್ಷಣ ತೋರಿದ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪೂರ್ವ. ಪಾಸ್ತರನು 1885ರಲ್ಲಿಯೇ ಲಸಿಕೆಯನ್ನು ಕಂಡುಹಿಡಿದು ಕೊಟ್ಟಿರುವಾಗ ಈ ಸಾವುಗಳು ನಮಗೆ ನಾಚಿಕೆಯ ಸಂಗತಿ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿದರೆ ರೋಗವು ಹರಡದೆ ನಿಲ್ಲುವುದೆಂದು ತಿಳಿದವರು ಹೇಳುತ್ತಾರೆ. ಲಸಿಕೆಯುಂಟು, ಪಶುವೈದ್ಯರುಂಟು, ಹಳ್ಳಿಯಲ್ಲಿ ಸಾಮಾನ್ಯವಾಗಿ ಇಲ್ಲದ್ದು ಒಂದೇ: ಕೈಗೆ ಸಿಕ್ಕುವ ನಾಯಿ. ಕಲ್ಲೇಟು ತಿಂದು ಬೆಳೆದ ನಾಯಿ ಸೂಜಿ ಹಿಡಿದವನ ಹತ್ತಿರ ಏಕೆ ಬಂದೀತು? ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಒಂದೇ ಕೈಯಿಂದ ರಾಗಿಯ ತುಣುಕನ್ನು ತಿಂದ ನಾಯಿಯಾದರೆ ಬರುವುದು, ಹಿಡಿಯಗೊಡುವುದು.

ತುತ್ತಿಗೆ ಇಷ್ಟು ಶಕ್ತಿಯುಂಟೆಂಬುದು ಬರಿಯ ಕಲ್ಪನೆಯಲ್ಲ. 1978ರಲ್ಲಿ ಸ್ವಿಟ್ಸರ್ಲೆಂಡಿನವರು ಕೋಳಿಯ ತಲೆಗಳಲ್ಲಿ ಲಸಿಕೆಯನ್ನಿಟ್ಟು ನರಿಗಳ ದಾರಿಯಲ್ಲಿ ಚೆಲ್ಲಿದರು; ತಿಂದ ನರಿಗಳಿಗೆ ರೋಗ ತಟ್ಟಲಿಲ್ಲ. ಆ ಉಪಾಯವನ್ನು ಸುಧಾರಿಸುತ್ತ ಹೋಗಿ ಯೂರೋಪಿನ ಹಲವು ದೇಶಗಳು ಕಾಡಿನಿಂದಲೇ ಆ ರೋಗವನ್ನು ಅಟ್ಟಿದವು. ನರಿಯನ್ನು ಕೊಂದು ಸಾಧಿಸಲಾಗದ್ದನ್ನು ನರಿಗೆ ಉಣಿಸಿ ಸಾಧಿಸಿದರು.

ಹಾಗೆಂದು ಎಲ್ಲೆಂದರಲ್ಲಿ ಉಣಿಸಿರೆಂದು ನಾವು ಹೇಳುವುದಿಲ್ಲ. 2025ರ ಜುಲೈಯಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಸುಮಾರು 5000 ಬೀದಿನಾಯಿಗಳಿಗೆ ಕೋಳಿಮಾಂಸದ ಅನ್ನವನ್ನು ಕೊಡಿಸುವ ಯೋಜನೆಯನ್ನು ಮುಂದಿಟ್ಟಾಗ ಎದ್ದ ಕೋಲಾಹಲವು ವಾಚಕರಿಗೆ ನೆನಪಿರಬಹುದು. ಅದರ ಮರುತಿಂಗಳು, ಆಗಸ್ಟ್ 22ರಂದು, ದಿಲ್ಲಿಯ ನಾಯಿಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬೀದಿಬೀದಿಗಳಲ್ಲಿ ಉಣಿಸುವುದನ್ನು ತಡೆದು, ಪ್ರತಿಯೊಂದು ವಾರ್ಡಿನಲ್ಲಿ ಅದಕ್ಕೆಂದೇ ಸ್ಥಳವನ್ನು ಗೊತ್ತುಮಾಡಬೇಕೆಂದು ಆಜ್ಞಾಪಿಸಿತು. 2023ರ ಕೇಂದ್ರ ನಿಯಮಗಳೂ ಮನೆಬಾಗಿಲು, ಮೆಟ್ಟಿಲು, ಮಕ್ಕಳು ಆಡುವ ಸ್ಥಳಗಳಿಂದ ದೂರದಲ್ಲಿ ಉಣಿಸಬೇಕೆಂದು ಹೇಳುತ್ತವೆ. ಇದು ನ್ಯಾಯವಾದುದು. ದಯೆಗೂ ಒಂದು ಸ್ಥಳ, ಒಂದು ಹೊತ್ತು ಇರಬೇಕು. ಉಣಿಸಿದವನ ಪುಣ್ಯಕ್ಕೆ ದಾರಿಹೋಕನ ಕಾಲು ಬಲಿಯಾಗಬಾರದು. ಶಾಲೆಯ ಬಾಗಿಲಲ್ಲಿ ಉಣಿಸುವುದೂ, ಚಿಕ್ಕ ಮಕ್ಕಳ ಕೈಯಿಂದ ಬೀದಿನಾಯಿಗೆ ತಿನ್ನಿಸುವುದೂ ಸಲ್ಲದು.

ಆದುದರಿಂದ ಅಧಿಕಾರಿಗಳಿಗೂ ಪಂಚಾಯತಿಗಳ ಸದಸ್ಯರಿಗೂ ನಮ್ಮ ಸೂಚನೆ ಇಷ್ಟೆ. ಊರ ಹೊರಗೆ, ಮಕ್ಕಳ ಓಡಾಟವಿಲ್ಲದ ಒಂದು ಜಾಗವನ್ನು ಗೊತ್ತುಮಾಡಲಿ. ಲಸಿಕೆಯ ದಿನಕ್ಕೆ ಒಂದು ತಿಂಗಳು ಮುಂಚಿನಿಂದ ನಾಯಿಯನ್ನು ಬಲ್ಲ ಇಬ್ಬರು ಮೂವರು ದಿನವೂ ಅಲ್ಲಿ ತಿಂಡಿ ಕೊಡಲಿ. ಮನೆಮನೆಯಿಂದ ಒಂದೊಂದು ಹಿಡಿ ರಾಗಿ ಹಿಟ್ಟು ಬಂದರೆ ಖರ್ಚೆಂಬುದೇ ಇಲ್ಲ. ಆಮೇಲೆ ಪಶುವೈದ್ಯರು ಬರಲಿ. ಸೆಪ್ಟೆಂಬರ್ 28ನೆಯ ದಿನವನ್ನು ಜಗತ್ತೆಲ್ಲ ಈ ರೋಗದ ನಿವಾರಣೆಗಾಗಿ ಆಚರಿಸುತ್ತದೆ; ಕೊಳಾಲದಲ್ಲಿಯೂ ಅದು ಭಾಷಣದ ದಿನವಾಗದೆ ಲಸಿಕೆಯ ದಿನವಾಗಲಿ. ಇಷ್ಟಾಗಿಯೂ ನಾಯಿ ಕಚ್ಚಿದರೆ, ಅರಸಿನ ಸುಣ್ಣಗಳನ್ನು ಮೆತ್ತದೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು.

ಕನ್ನಡನಾಡಿಗೆ ಇದೇನೂ ಹೊಸ ಧರ್ಮವಲ್ಲ. ನಮ್ಮ ಸೀಮೆಗಳಲ್ಲಿ ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಕರೆದುಕೊಂಡು ದೋಣಿಯಲ್ಲಿ ಇಟ್ಟ ಎಡೆಯನ್ನು ನಾಯಿಗಳಂತೆಯೇ ಬಾಯಿಟ್ಟು ತಿನ್ನುವ ಸೇವೆಯನ್ನು ಕಂಡವರು ಅನೇಕರಿರಬಹುದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವಂತೂ ಸಾವಿರ ವರ್ಷಕ್ಕೂ ಹಳೆಯದು, ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಾಗ, ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿಯ ಗೊರವನು ಉಣ್ಣಲಾಗದೆಂದು ಕಟ್ಟುಮಾಡಿದರು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲನ್ನು ಇಂದಿಗೂ ನೋಡಬಹುದು.

ಸತ್ತ ನಾಯಿಯ ಕಲ್ಲಿಗೆ ಸಲ್ಲಿಸದೆ ತಾನುಣ್ಣಬಾರದೆಂದ ನಾಡಿನಲ್ಲಿ, ಬಾಗಿಲ ಬಳಿ ಬದುಕಿರುವ ನಾಯಿಗೆ ಒಂದು ಶುದ್ಧವಾದ ತುತ್ತನ್ನೂ ವರ್ಷಕ್ಕೊಂದು ಲಸಿಕೆಯನ್ನೂ ಕೊಡಿರೆಂದು ಕೇಳುವುದು ಹೆಚ್ಚಿನ ಬೇಡಿಕೆಯೆ? ಒಲೆ ಹೊತ್ತಿಸಿಯೇ ಇದೆ, ಹಿಟ್ಟೂ ಮಡಕೆಯಲ್ಲಿದೆ. ಉಳಿದುದು ಮನಸ್ಸು ಮಾಡುವುದೊಂದೇ.