ಗಾಜಿನ ಬಾಗಿಲಿಗೊಂದು ಬೆಕ್ಕಿನ ಕಿಂಡಿ

ಮಾಗಿಯ ಮುಂಜಾವು. ಇಂಗ್ಲೆಂಡಿನ ಸಾಧಾರಣ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಲಿ. ಹಿತ್ತಿಲ ಬಾಗಿಲು ನೆಲದಿಂದ ತಲೆಯ ಮಟ್ಟದವರೆಗೂ ಗಾಜಿನದು. ಆಚೆ ಇಬ್ಬನಿ ಹೆಪ್ಪುಗಟ್ಟಿದ ಹುಲ್ಲು. ಈಚೆ ಬೆಚ್ಚನೆಯ ಅಡಿಗೆಮನೆ. ಬಾಗಿಲ ಬುಡದಲ್ಲಿ ಕುಳಿತ ಬೆಕ್ಕಿಗೆ ಹೊರಗೆ ಹೋಗಬೇಕಾಗಿದೆ. ಒಮ್ಮೆ ಕೂಗಿತು, ಮತ್ತೊಮ್ಮೆ ಕೂಗಿತು, ಗಾಜನ್ನು ಪರಪರನೆ ಕೆರೆಯಿತು. ಮನೆಯೊಡತಿ ಹಾಸಿಗೆಯಿಂದೆದ್ದು ಬಂದು ಬಾಗಿಲು ತೆರೆದರೆ, ಆ ಮಹಾರಾಯ ಹೊಸ್ತಿಲ ಮೇಲೆ ನಿಂತು, ಚಳಿಯನ್ನು ಮೂಗಿನಿಂದಲೇ ಅಳೆದು ನೋಡಿ, ಮೆಲ್ಲನೆ ಒಳಕ್ಕೆ ಹಿಂದಿರುಗಿದ! ಐದು ನಿಮಿಷ ಕಳೆಯುವುದರೊಳಗಾಗಿ ಪುನಃ ಅದೇ ಕೂಗು. ಬೆಕ್ಕನ್ನು ಸಾಕಿದವರಿಗೆ ಈ ದೃಶ್ಯವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಬಂದ ಭಾನುವಾರ ಮನೆಯ ಯಜಮಾನ ಒಂದು ನಿರ್ಧಾರಕ್ಕೆ ಬಂದು ಅಂಗಡಿಯಿಂದ ‘ಕ್ಯಾಟ್ ಫ್ಲ್ಯಾಪ್’ ಒಂದನ್ನು ಕೊಂಡು ತಂದ. ಬೆಕ್ಕು ತಾನೇ ತಲೆಯಿಂದ ದೂಡಿಕೊಂಡು ಒಳಗೂ ಹೊರಗೂ ಓಡಾಡಲೆಂದು ಬಾಗಿಲಿನ ತಳಭಾಗದಲ್ಲಿ ಕೂರಿಸುವ ಕಿಂಡಿ ಅದು. ಮೇಲಿನಿಂದ ತೂಗುಬಿದ್ದ ಪುಟ್ಟದೊಂದು ಕದ ಅದಕ್ಕುಂಟು. ಗಾಜಿಗೂ ಜೋಡಿಸಬಹುದೆಂದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು. ಇನ್ನೇಕೆ ತಡ? ಆತ ಗಾಜಿನ ಮೇಲೆ ದುಂಡನೆಯ ಗೆರೆಯನ್ನೆಳೆದು ವಿದ್ಯುತ್ ಬೈರಿಗೆಯನ್ನು ಕೈಗೆತ್ತಿಕೊಂಡ. ಆರು ವರ್ಷದ ಮಗಳು ಗಾಜಿಗೆ ಕೆನ್ನೆಯೊತ್ತಿ ತಂದೆಯ ಸಾಹಸವನ್ನು ನೋಡುತ್ತಿದ್ದಳು. “ಅಪ್ಪಾ, ಈ ಮೂಲೆಯಲ್ಲಿ ಏನೋ ಬರೆದಿದೆ” ಎಂದಳು.

ಹೌದು, ಗಾಜಿನ ಮೂಲೆಯಲ್ಲಿ ಉಗುರಿನಷ್ಟು ಅಗಲದ, ಮಸುಕಾದ ಮುದ್ರೆಯೊಂದಿತ್ತು. ಬೈರಿಗೆಯ ಮೊನೆ ತಗಲುವುದಕ್ಕೆ ಮೊದಲು ಆ ಮುದ್ರೆ ಕಣ್ಣಿಗೆ ಬಿದ್ದುದು ಅವರೆಲ್ಲರ ಪುಣ್ಯ. ಯಜಮಾನನನ್ನು ಸದ್ಯಕ್ಕೆ ಹಾಗೆಯೇ ನಿಲ್ಲಿಸಿ, ಅಷ್ಟರಲ್ಲಿ ಕಿಂಡಿಯ ಪೂರ್ವವೃತ್ತಾಂತವನ್ನು ಸ್ವಲ್ಪ ನೋಡಬಹುದು.

ಎಂಟು ಪೆನ್ನಿಯ ಕಿಂಡಿ

ಬೆಕ್ಕಿಗಾಗಿ ಬಾಗಿಲು ಕೊರೆಯುವುದು ಇಂದು ನಿನ್ನೆಯ ವಾಡಿಕೆಯಲ್ಲ. 14ನೆಯ ಶತಮಾನದ ಕೊನೆಯಲ್ಲಿ ಬಾಳಿದ್ದ ಕವಿ ಚಾಸರನ ‘ಕ್ಯಾಂಟರ್‌ಬರಿ ಕಥೆ’ಗಳಲ್ಲಿ, ಹಿಟ್ಟಿನ ಗಿರಣಿಯವನು ಹೇಳುವ ಕಥೆಯಲ್ಲಿ, ಸೇವಕನೊಬ್ಬ ಮುಚ್ಚಿದ ಕೋಣೆಯೊಳಗೆ ಇಣುಕಿ ನೋಡುವುದು ಬೆಕ್ಕು ನುಸುಳುವ ಕಿಂಡಿಯಿಂದಲೇ. ಎಕ್ಸೆಟರ್ ನಗರದ ಕೆಥೀಡ್ರಲಿನಲ್ಲಿ ಹಳೆಯ ಖಗೋಳ ಗಡಿಯಾರದ ಕೆಳಗಿರುವ ಮರದ ಬಾಗಿಲಿನಲ್ಲಿ ದುಂಡನೆಯ ಒಂದು ಕಿಂಡಿಯನ್ನು ಇಂದಿಗೂ ಕಾಣಬಹುದು. 1598ರಲ್ಲಿ ಬಿಷಪ್ ವಿಲಿಯಂ ಕಾಟನ್ ಬಡಗಿಗಳಿಗೆ 8 ಪೆನ್ನಿ ಕೂಲಿ ಕೊಟ್ಟು ಅದನ್ನು ಕೊರೆಯಿಸಿದುದಕ್ಕೆ ಲೆಕ್ಕವಿದೆ. ಗಡಿಯಾರದ ಹಗ್ಗಗಳಿಗೆ ಸವರಿದ ಕೊಬ್ಬಿನಾಸೆಗೆ ಇಲಿಗಳು ಮುತ್ತುತ್ತಿದ್ದುದೇ ಇದಕ್ಕೆ ಕಾರಣವೆನ್ನುತ್ತಾರೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಅಲ್ಲಿಯ 1305ರಿಂದ 1467ರವರೆಗಿನ ಕಡತಗಳಲ್ಲಿ ಕಾವಲುಗಾರರಿಗೂ ಬೆಕ್ಕಿಗೂ ಸೇರಿಸಿ ಮೂರು ತಿಂಗಳಿಗೆ 13 ಪೆನ್ನಿಗಳ ಬಾಬ್ತು ಕಾಣಬರುವುದು. ವಾರಕ್ಕೊಂದು ಪೆನ್ನಿ ಸಂಬಳವಾಯಿತು. ಸಂಬಳ ಪಡೆಯುವ ಸೇವಕನಿಗೆ ಒಳಬರಲು ಬಾಗಿಲೊಂದು ಬೇಡವೇ?

ಬೆಕ್ಕಿನ ಕಿಂಡಿಯನ್ನು ಮೊದಲು ಕಂಡುಹಿಡಿದವನು ಸರ್ ಐಸಾಕ್ ನ್ಯೂಟನ್ ಎಂದು ಜನ ಹೇಳುವುದುಂಟು. ತಾಯಿ ಬೆಕ್ಕಿಗೆ ದೊಡ್ಡ ಕಿಂಡಿಯನ್ನೂ ಮರಿಗೆ ಚಿಕ್ಕ ಕಿಂಡಿಯನ್ನೂ ಬೇರೆಬೇರೆಯಾಗಿ ಕೊರೆಯಿಸಿದನೆಂದೂ, ದೊಡ್ಡದರಲ್ಲಿಯೇ ಮರಿಯೂ ಹೋಗಬಹುದೆಂಬುದು ಆ ಮಹಾಮೇಧಾವಿಗೆ ಹೊಳೆಯಲಿಲ್ಲವೆಂದೂ ಕಥೆ. ನಗಿಸುವ ಕಥೆಯೇ ಸರಿ, ನಂಬುವಂತಹುದಲ್ಲ. 1680ರ ದಶಕದಲ್ಲಿ ಐದು ವರ್ಷ ನ್ಯೂಟನ್ನನ ಕೋಣೆಯಲ್ಲಿದ್ದು ಬರೆವಣಿಗೆಗೆ ನೆರವಾದ ಹಂಫ್ರಿ ನ್ಯೂಟನ್ ಎಂಬಾತ, ತನ್ನ ಯಜಮಾನ ನಾಯಿಯನ್ನಾಗಲಿ ಬೆಕ್ಕನ್ನಾಗಲಿ ಸಾಕಿರಲಿಲ್ಲವೆಂದು ಬರೆದಿಟ್ಟಿದ್ದಾನೆ. ಅದೂ ಅಲ್ಲದೆ, ಚಾಸರನ ಬೆಕ್ಕು ನ್ಯೂಟನ್ನನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ ಕಿಂಡಿಯಲ್ಲಿ ನುಸುಳಿ ಹೋಗಿತ್ತಲ್ಲವೇ!

ನಮ್ಮ ಹಂಚಿನ ಮನೆಗಳಲ್ಲಿ ಇಂತಹ ಏರ್ಪಾಡಿನ ಅಗತ್ಯವೇ ಬೀಳಲಿಲ್ಲ. ಕಿಟಕಿಯ ಸರಳುಗಳ ನಡುವೆ, ಮಾಡಿಗೂ ಗೋಡೆಗೂ ಇರುವ ಸಂದಿನಲ್ಲಿ, ಅಡಿಗೆಮನೆಯ ಬೆಳಕಿಂಡಿಯಲ್ಲಿ, ನಮ್ಮ ಕೊತ್ತಿಗಳು ಯಾರ ಅಪ್ಪಣೆಯನ್ನೂ ಕಾಯದೆ ಬಂದುಹೋಗುತ್ತಿದ್ದುವು. ಹಾಲಿನ ಪಾತ್ರೆಯನ್ನು ನೆಲುವಿನ ಮೇಲೆ ತೂಗಹಾಕಬೇಕಾಗಿ ಬಂದುದೂ ಅದರಿಂದಲೇ. ಚಳಿಯ ದೇಶದ ಮನೆಗಾದರೋ ಎಲ್ಲ ಸಂದುಗಳನ್ನೂ ಮುಚ್ಚಿಕೊಳ್ಳದೆ ಗತಿಯಿಲ್ಲ.

ಮರದ ಬಾಗಿಲಿರುವವರೆಗೆ ತೊಡಕೇನೂ ಇರಲಿಲ್ಲ, ಗರಗಸವೊಂದಿದ್ದರೆ ಸಾಕು. ತೊಡಕು ಆರಂಭವಾದುದು ಗಾಜಿನಿಂದ. ಅಲಸ್ಟೇರ್ ಪಿಲ್ಕಿಂಗ್ಟನ್ ಎಂಬ ಇಂಗ್ಲಿಷ್ ಇಂಜಿನಿಯರು ಕರಗಿದ ತವರದ ಮೇಲೆ ಗಾಜಿನ ಪಾಕವನ್ನು ತೇಲಿಬಿಟ್ಟು ಕನ್ನಡಿಯಂತೆ ನುಣುಪಾದ ಹಾಳೆಗಳನ್ನು ತೆಗೆಯುವ ವಿಧಾನವನ್ನು ರೂಪಿಸಿದ. 1959ರಲ್ಲಿ ಅದು ಲೋಕಕ್ಕೆ ಪ್ರಕಟವಾಯಿತು. ದೊಡ್ಡ ಗಾಜು ಅಗ್ಗವಾಯಿತು. ಅಗ್ಗವಾದ ಗಾಜು ಬಾಗಿಲಿಗೂ ಇಳಿಯಿತು.

ರಾಜಕುಮಾರನ ಕಣ್ಣೀರು

ಸಾಮಾನ್ಯ ಗಾಜು ಒಡೆದರೆ ಚೂರಿಯಂತಹ ಹೋಳುಗಳಾಗುವುದೆಂಬುದು ಎಲ್ಲರಿಗೂ ಗೊತ್ತು. ಓಡಿ ಬಂದ ಮಗು ಅಂತಹ ಬಾಗಿಲಿಗೆ ಡಿಕ್ಕಿ ಹೊಡೆದರೆ ಏನಾದೀತೆಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದ 1992ರಲ್ಲಿ ಇಂಗ್ಲೆಂಡು ಮತ್ತು ವೇಲ್ಸಿನ ಕಟ್ಟಡ ನಿಯಮಗಳಲ್ಲಿ ಹೊಸದೊಂದು ಭಾಗ ಸೇರಿತು. ಅದರ ಮಾರ್ಗದರ್ಶನದಂತೆ, ಬಾಗಿಲುಗಳಲ್ಲಿ ನೆಲದಿಂದ 1,500 ಮಿಲಿಮೀಟರು ಎತ್ತರದವರೆಗಿನ ಗಾಜು ಅಪಾಯವಿಲ್ಲದೆ ಒಡೆಯುವಂತಹುದಾಗಿರಬೇಕು. ಸಾಮಾನ್ಯವಾಗಿ ಅಲ್ಲಿಗೆ ಹಾಕುವುದು ‘ಟಫನ್ಡ್’ ಗಾಜನ್ನು, ಎಂದರೆ ಹದವೇರಿಸಿದ ಗಾಜನ್ನು. ಮಗಳು ತೋರಿಸಿದ ಮುದ್ರೆ ಆ ಗಾಜಿನ ಜಾತಿಯನ್ನು ಸಾರುವ ಗುರುತು.

ಈ ಹದದ ಗುಟ್ಟು ಹಳೆಯದು. 1660ರಲ್ಲಿ ರೂಪರ್ಟ್ ಎಂಬ ರಾಜಕುಮಾರ ತನ್ನ ಬಂಧುವಾದ ದೊರೆ 2ನೆಯ ಚಾರ್ಲ್ಸನಿಗೆ ವಿಚಿತ್ರವಾದ ಕೆಲವು ಗಾಜಿನ ಹನಿಗಳನ್ನು ತಂದೊಪ್ಪಿಸಿದ. ಕರಗಿದ ಗಾಜನ್ನು ತೊಟ್ಟುತೊಟ್ಟಾಗಿ ತಣ್ಣೀರಿಗೆ ಬಿಟ್ಟರೆ ಆಗುವ, ಕಣ್ಣೀರಿನ ಆಕಾರದ, ಉದ್ದ ಬಾಲದ ಹನಿಗಳು ಅವು. ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದರೂ ಹನಿ ಜಗ್ಗುವುದಿಲ್ಲ. ಬಾಲದ ತುದಿಯನ್ನು ಬೆರಳಿನಿಂದ ಚಿವುಟಿದರೆ ಇಡೀ ಹನಿಯೇ ಸಿಡಿದು ಪುಡಿಯಾಗುತ್ತದೆ. ರಾಯಲ್ ಸೊಸೈಟಿಯ ಪಂಡಿತರು 1661ರಲ್ಲಿಯೇ ಇದನ್ನು ಪರೀಕ್ಷಿಸಿ ಬೆರಗಾದರು.

ಕಾರಣ ಇಷ್ಟೆ. ಹೊರಮೈ ಥಟ್ಟನೆ ಆರಿ ಗಟ್ಟಿಯಾಗುತ್ತದೆ; ಒಳಗಿನ ತಿರುಳು ನಿಧಾನವಾಗಿ ಆರುತ್ತ ಕುಗ್ಗಲು ಹವಣಿಸುತ್ತದೆ. ಒಳಗಿನದು ಹೊರಗಿನದನ್ನು ಎಳೆಯುತ್ತದೆ, ಹೊರಗಿನದು ಅಮುಕಿಸಿಕೊಂಡು ಬಿಗಿಯುತ್ತದೆ. ಕಾರ್ಖಾನೆಯಲ್ಲಿ ಮಾಡುವುದೂ ಇದನ್ನೇ. ಗಾಜಿನ ಹಾಳೆಯನ್ನು 600 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯಿಸಿ, ಎರಡೂ ಕಡೆಯಿಂದ ರಭಸದ ತಂಗಾಳಿಯನ್ನು ಊದುತ್ತಾರೆ. ಹೀಗೆ ಹದವೇರಿದ ಗಾಜಿಗೆ ಸಾಮಾನ್ಯ ಗಾಜಿನ ನಾಲ್ಕೈದು ಪಟ್ಟು ಬಲ. ಒಡೆದರೂ ಚೂರಿಗಳಾಗದೆ, ಕಲ್ಲುಸಕ್ಕರೆಯ ಹರಳುಗಳಂತೆ ಸಣ್ಣ ತುಣುಕುಗಳಾಗಿ ಉದುರುತ್ತದೆ. ಮಗುವಿನ ಪ್ರಾಣ ಉಳಿಯುವುದು ಅದರಿಂದ.

ಆದರೆ ಬೈರಿಗೆ ಹಿಡಿದವನಿಗೆ ಕಂಟಕವಾಗುವುದೂ ಅದೇ. ಬಿಗಿದ ಹೊರಮೈಯನ್ನು ಭೇದಿಸಿ ಮೊನೆ ತಿರುಳನ್ನು ಮುಟ್ಟಿತೋ, ಅಲ್ಲಿ ಅಡಗಿರುವ ಸೆಳೆತವೆಲ್ಲ ಒಮ್ಮೆಗೇ ಬಿಡುಗಡೆಯಾಗುತ್ತದೆ. ಬಿರುಕು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರಿನ ವೇಗದಲ್ಲಿ ಹರಿದೋಡುತ್ತದೆ. ಕೈ ಹಿಂತೆಗೆಯುವಷ್ಟರಲ್ಲಿ ಬಾಗಿಲೆಂಬುದೇ ಇಲ್ಲ. ಚೌಕಟ್ಟು ಮಾತ್ರ ಉಳಿದಿರುತ್ತದೆ. ವಜ್ರದ ಮೊನೆಯ ಬೈರಿಗೆಯಾದರೂ ಅಷ್ಟೆ, ಕೈಪಳಗಿದ ಕಸಬುದಾರನಾದರೂ ಅಷ್ಟೆ. ಕುಶಲತೆಯಿಂದ ಗೆಲ್ಲುವ ಮಾತಲ್ಲ ಇದು.

ಇಲ್ಲಿಯ ವಿಪರ್ಯಾಸವನ್ನು ನೋಡಿ. ಬೆಕ್ಕು ಓಡಾಡುವುದು ಬಾಗಿಲಿನ ತಳದಲ್ಲಿ. ಮಗು ಡಿಕ್ಕಿ ಹೊಡೆಯುವುದೂ ಅಲ್ಲಿಯೇ. ಕಿಂಡಿ ಎಲ್ಲಿ ಬೇಕೋ ಸರಿಯಾಗಿ ಅಲ್ಲಿಯೇ ಕೊರೆಯಲಾರದ ಗಾಜನ್ನು ಹಾಕಿಸಿರುತ್ತಾರೆ. ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆ ಈ ಗಾಜಿಗೆ ಹೇಳಿ ಮಾಡಿಸಿದಂತಿದೆ. ಕಿಂಡಿಯನ್ನು ಕೊರೆಯುವುದಿದ್ದರೆ ಗಾಜು ಕುಲುಮೆಗೆ ಹೋಗುವ ಮುನ್ನವೇ, ಅದಿನ್ನೂ ಹಸಿ ಮಡಕೆಯಂತೆ ಹೇಳಿದ ಮಾತು ಕೇಳುವಾಗಲೇ, ಕೊರೆದು ಮುಗಿಸಬೇಕು.

ಹಾಗಾದರೆ ಮಾಡಬೇಕಾದುದೇನು?

ಗಾಜಿನ ಕೆಲಸದವನನ್ನು ಕರೆಯಿಸಬೇಕು. ಈಗಿನ ಇಂಗ್ಲಿಷ್ ಬಾಗಿಲುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಗಾಜಲ್ಲ, ಎರಡು. ನಡುವೆ ಒಣ ಗಾಳಿಯನ್ನೋ ಆರ್ಗಾನ್ ಅನಿಲವನ್ನೋ ತುಂಬಿ, ಅಂಚನ್ನು ಭದ್ರವಾಗಿ ಮುಚ್ಚಿರುತ್ತಾರೆ. ಆ ಮುದ್ರಿಕೆ ಮುರಿದರೆ ತೇವ ಒಳಸೇರಿ, ಒರೆಸಲಾಗದ ಮಂಜು ಎರಡು ಗಾಜುಗಳ ನಡುವೆ ನಿಂತುಬಿಡುತ್ತದೆ. ಕೆಲಸದವನು ಚೌಕಟ್ಟಿನ ಪಟ್ಟಿಗಳನ್ನು ಬಿಚ್ಚಿ ಉದ್ದ, ಅಗಲ, ದಪ್ಪಗಳನ್ನು ಅಳೆಯುತ್ತಾನೆ. ಕಾರ್ಖಾನೆಯಲ್ಲಿ ಅದೇ ಅಳತೆಯ ಎರಡು ಹೊಸ ಗಾಜುಗಳಿಗೆ ಮೊದಲು ರಂಧ್ರ ಕೊರೆದು, ಬಳಿಕ ಹದವೇರಿಸಿ, ರಂಧ್ರದ ಸುತ್ತಲೂ ಅಂಚಿನಂತೆಯೇ ಮುದ್ರಿಸಿ ಕಳುಹಿಸುತ್ತಾರೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ ಮೇಲೆ ಕಿಂಡಿಯನ್ನು ಜೋಡಿಸುವುದು ಸುಲಭದ ಕೆಲಸ. ಕಿಂಡಿಯ ಬೆಲೆಗಿಂತ ಗಾಜಿನ ಬೆಲೆಯೇ ಹೆಚ್ಚೆಂಬುದು ನಿಜ. ಆದರೆ ಬಾಗಿಲನ್ನು ಪುಡಿಮಾಡಿಕೊಂಡವನೂ ಕೊನೆಗೆ ಕೊಳ್ಳಬೇಕಾದುದು ಇದೇ ಗಾಜನ್ನೇ.

ಗಾಜಿನಲ್ಲಿಯ ರಂಧ್ರ ಯಾವಾಗಲೂ ದುಂಡಗಿರುವುದೇಕೆ? ಅಂದಕ್ಕಾಗಿ ಅಲ್ಲ. ಎಳೆತಕ್ಕೊಳಗಾದ ಹಲಗೆಯಲ್ಲಿ ದುಂಡನೆಯ ತೂತಿದ್ದರೆ ಅದರ ಅಂಚಿನಲ್ಲಿ ಸೆಳೆತ ಮೂರು ಪಟ್ಟಾಗುತ್ತದೆ. ತೂತಿಗೆ ಚೂಪಾದ ಮೂಲೆಯಿದ್ದರೆ ಅದಕ್ಕೂ ಎಷ್ಟೋ ಮಡಿ ಏರುತ್ತದೆ. ಚಾರ್ಲ್ಸ್ ಇಂಗ್ಲಿಸ್ ಎಂಬ ಇಂಜಿನಿಯರು 1913ರಲ್ಲಿ ಇದನ್ನು ಗಣಿತದಿಂದ ತೋರಿಸಿಕೊಟ್ಟ. ಚೌಕ ಕಿಂಡಿಯ ಮೂಲೆಯೆಂದರೆ ಬಿರುಕಿಗೆ ಕೊಟ್ಟ ಆಹ್ವಾನವೇ. ಗಾಜಿಗಾಗಿ ಮಾರುವ ಕಿಂಡಿಗಳಿಗೆ ಸಾಧಾರಣವಾಗಿ 21 ಸೆಂಟಿಮೀಟರಿನಷ್ಟು ಅಡ್ಡಳತೆಯ ರಂಧ್ರ ಬೇಕಾಗುತ್ತದೆ. ಎತ್ತರವನ್ನು ಬೆಕ್ಕಿನ ಹೊಟ್ಟೆಯ ಮಟ್ಟಕ್ಕೆ ಸರಿಯಾಗಿ ಗೊತ್ತುಮಾಡಬೇಕು. ಹೊರಗಿನ ನೆಲ ಒಳಗಿನದಕ್ಕಿಂತ ತಗ್ಗಾಗಿದ್ದರೆ ಆಚೆಗೊಂದು ಮೆಟ್ಟಿಲನ್ನಿಡುವುದು ಮೇಲು. ಮುದಿ ಬೆಕ್ಕಿನ ಕಾಲಿಗೆ ಈ ಒಂದು ಗೇಣು ದೊಡ್ಡ ಮಾತು.

ಬಾಡಿಗೆಯ ಮನೆಯವರು ಮಾಲೀಕನ ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯುವುದು ಒಳ್ಳೆಯದು. ಬಿಚ್ಚಿದ ಹಳೆಯ ಗಾಜನ್ನು ಕಂಬಳಿಯಲ್ಲಿ ಸುತ್ತಿ ಜೋಪಾನವಾಗಿಟ್ಟರೆ ಮನೆ ಬಿಡುವಾಗ ಅದನ್ನೇ ಹಿಂದಕ್ಕೆ ಕೂರಿಸಬಹುದು. ಗಾಜಿನ ಗೊಡವೆಯೇ ಬೇಡವೆನ್ನುವವರು ಬಾಗಿಲಿನ ಕೆಳಗಿನ ಅರ್ಧಕ್ಕೆ ಪ್ಲಾಸ್ಟಿಕ್ ಹಲಗೆಯನ್ನು ಹಾಕಿಸುತ್ತಾರೆ, ಇಲ್ಲವೇ ಗೋಡೆಯಲ್ಲಿಯೇ ಕಿಂಡಿ ತೆಗೆಸುತ್ತಾರೆ. ಇತ್ತ ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿಯೂ ಈಗ ಗಾಜಿನ ಜಾರುಬಾಗಿಲುಗಳು ಬಂದಿವೆ. ಆದರೆ ಆ ಬಾಗಿಲಿನ ಆಚೆ ಇರುವುದು ಹಿತ್ತಿಲಲ್ಲ, ಮೊಗಸಾಲೆ, ಅದರಾಚೆ ಪಾತಾಳ. ಬಲೆ ಕಟ್ಟದ ಮೊಗಸಾಲೆಗೆ ಕಿಂಡಿ ತೆರೆಯುವುದು ಬೆಕ್ಕಿಗೆ ಮಾಡುವ ಉಪಕಾರವಲ್ಲ.

ನೆರೆಮನೆಯ ಗಡವ

ಕಿಂಡಿಯಾದ ಮೇಲೆ ಮತ್ತೊಂದು ತಾಪತ್ರಯ. ಮನೆಯ ಬೆಕ್ಕು ಹೋಗುವ ದಾರಿಯಲ್ಲಿ ನೆರೆಮನೆಯ ಗಡವ ಬೆಕ್ಕೂ ಬರಬಹುದಲ್ಲವೇ? ಬಂದು, ಇಟ್ಟ ಊಟವನ್ನು ಮುಗಿಸಿ, ಮನೆಯ ಬೆಕ್ಕಿಗೇ ಎರಡೇಟು ಕೊಟ್ಟು ಹೋಗುವುದೂ ಉಂಟು. ಇದಕ್ಕೂ ಈಗ ಉಪಾಯವಿದೆ. ಅಕ್ಕಿಕಾಳಿನಷ್ಟು ಗಾತ್ರದ ‘ಮೈಕ್ರೋಚಿಪ್’ ಒಂದನ್ನು ಪಶುವೈದ್ಯರು ಬೆಕ್ಕಿನ ಚರ್ಮದಡಿ ಸೇರಿಸುತ್ತಾರೆ. ಅದರಲ್ಲಿ 15 ಅಂಕಿಗಳ ಸಂಖ್ಯೆಯೊಂದು ಅಡಗಿರುತ್ತದೆ. ಬ್ಯಾಟರಿಯ ಹಂಗು ಅದಕ್ಕಿಲ್ಲ. ಬೆಕ್ಕು ತಲೆ ಚಾಚಿದೊಡನೆ ಕಿಂಡಿ ರೇಡಿಯೋ ಅಲೆಗಳ ಮೂಲಕ ಆ ಸಂಖ್ಯೆಯನ್ನು ಓದಿ, ಪರಿಚಿತವಾದರೆ ಮಾತ್ರ ಚಿಲಕವನ್ನು ಸಡಿಲಿಸುತ್ತದೆ. 2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ ಪ್ರತಿಯೊಂದು ಸಾಕುಬೆಕ್ಕಿಗೂ 20 ವಾರ ತುಂಬುವುದರೊಳಗೆ ಇಂತಹ ಚಿಪ್ ಇರಬೇಕೆಂದು ಕಾನೂನಾಗಿದೆ. ಗಡವ ಬೆಕ್ಕಿಗೂ ಚಿಪ್ ಇರಬಹುದು. ಆದರೆ ಈ ಮನೆಯ ಕಿಂಡಿ ಅದರ ಸಂಖ್ಯೆಯನ್ನು ಗುರುತಿಸದು.

ಇನ್ನು ಉಳಿದುದು ಶಿಕ್ಷಣ. ಕಿಂಡಿಯನ್ನು ಕಂಡ ಮಾತ್ರಕ್ಕೆ ಬೆಕ್ಕು ಅದರಲ್ಲಿ ನುಗ್ಗುವುದಿಲ್ಲ. ಮೊದಲ ಕೆಲವು ದಿನ ಕದವನ್ನು ಪೂರ್ತಿ ಎತ್ತಿ ಕಟ್ಟಿ, ಆಚೆ ಕುಳಿತು ಮೀನಿನ ತುಣುಕನ್ನು ತೋರಿಸಬೇಕು. ಆಮೇಲೆ ದಿನದಿನಕ್ಕೆ ಕದವನ್ನು ಒಂದಿಷ್ಟೊಂದಿಷ್ಟೇ ಇಳಿಸಬೇಕು. ಹಿಡಿದು ನೂಕುವುದು ಮಾತ್ರ ಕೂಡದು. ಒಮ್ಮೆ ಹೆದರಿದ ಬೆಕ್ಕು ಕಿಂಡಿಯ ಕಡೆ ತಲೆಯೆತ್ತಿಯೂ ನೋಡದು. ಈ ಕೆಲಸಕ್ಕೆ ದೊಡ್ಡವರಿಗಿಂತ ಮಕ್ಕಳೇ ವಾಸಿ, ಅವರಿಗೆ ಪುರುಸೊತ್ತಿರುತ್ತದೆ.

ನಮ್ಮ ಯಜಮಾನ ಬೈರಿಗೆಯನ್ನು ಪೆಟ್ಟಿಗೆಗೆ ಹಿಂತಿರುಗಿಸಿ ಗಾಜಿನ ಕೆಲಸದವನಿಗೆ ಹೇಳಿ ಕಳುಹಿಸಿದ. ಕೆಲವು ವಾರಗಳಲ್ಲಿ ಹೊಸ ಗಾಜು ಬಂದಿತು, ಕಿಂಡಿ ಕೂತಿತು. ಮಗಳು ಆಚೆ ಹುಲ್ಲಿನ ಮೇಲೆ ಬೋರಲು ಮಲಗಿ ಬೆಕ್ಕನ್ನು ಹೆಸರು ಹಿಡಿದು ಕರೆದು ಕರೆದು ಕಲಿಸಿದಳು. ಈಗ ಬೆಕ್ಕು ದಿನಕ್ಕೆ ಹತ್ತು ಸಲ ಕಿಂಡಿಯಲ್ಲಿ ಹೋಗಿಬರುತ್ತದೆ. ಮುಂಜಾನೆ ಮಾತ್ರ ಕಿಂಡಿಯ ಪಕ್ಕದಲ್ಲಿಯೇ ಕುಳಿತು, ದೊಡ್ಡ ಬಾಗಿಲನ್ನು ತೆರೆಯಿರೆಂದು ಮನೆಯೊಡತಿಯನ್ನು ಕೂಗುತ್ತದೆ.